ಖಾಕಿ ದಾರಕ್ಕೆ ಮೀನು ಬರುವುದಿಲ್ಲ

ಹೊಸನಗರದ ಬಸ್‌ಸ್ಟ್ಯಾಂಡಿನೆದುರು ನನ್ನ ಹೊಲಿಗೆಯಂಗಡಿ.
ಮೇ ತಿಂಗಳೆಂದರೆ ಯೂನಿಫಾರ್ಮು:
ನೂರಾ ನಲವತ್ತು ಹಸಿರು ಚಡ್ಡಿ, ಅಷ್ಟೇ ಅಂಗಿ,
ಪ್ರತಿ ಕಾಲರಿಗೂ ಕ್ಯಾನ್ವಾಸು.
ಇಂಥ ಹೊತ್ತಲ್ಲೇ ಬಂದ ಇನಾಸ,
ಬಂಗಲೆಗಳ ಬೀರುವಿಗೆ ಪಾಲಿಶ್ ಹೊಡೆಯುವವ,
ಉದ್ದನೆಯ ಚೀಲದ ಜಿಪ್ಪು ಕಿತ್ತುಹೋಗಿದೆಯೆಂದು.

ಚೀಲದೊಳಗೆ ಕೋಲು. ಬುಡ ಹೆಬ್ಬೆರಳು,
ತುದಿ ಗರಿಕೆ.
ಕೊಪ್ಪದ ಕಡೆಯ ಎಸ್ಟೇಟಿನವರು ಕೂಲಿಯ ಬದಲು ಕೊಟ್ಟದ್ದಂತೆ.
"ಎರೆಹುಳ ಬೇಡ, ಸೀಸದ ಗುಂಡು ಬೇಡ ವಿಠೋಬಣ್ಣ,
ದಾರದ ಭಾರಕ್ಕೇ ದಾರ ಹಾರ್ತದೆ."
ಮೂವತ್ತು ವರ್ಷ ದಾರದ ಜೊತೆ ಬಾಳಿದವ ನಾನು,
ಅದು ಹಾರಿದ್ದು ನೋಡಿರಲಿಲ್ಲ.

ಭಾನುವಾರ, ಪಟ್ಟಗುಪ್ಪೆಯ ಹಿನ್ನೀರು.
ನೀರು ಇಳಿದಿಳಿದು ಕೆಂಪು ದಂಡೆಯ ಮೇಲೆ
ಬಳೆ ಬಳೆಯಾಗಿ ಬಿಟ್ಟುಹೋದ ಗುರುತು.
ಇಷ್ಟು ವರ್ಷ ಮುಳುಗಿಯೂ ಕೊಳೆಯದ ಮರದ ಬೊಡ್ಡೆಗಳು,
ಅವುಗಳ ನೆರಳಲ್ಲಿ ಜಿಲೇಬಿ ಮೀನು,
ಬಾಯಲ್ಲಿ ಮಣ್ಣು ಮೊಗೆದು ಆಚೆ ಉಗುಳಿ
ತಟ್ಟೆಯಗಲ ಅಂಗಳ ಮಾಡಿಕೊಂಡು
ಪಕ್ಕದ ಮನೆಯವನನ್ನು ಗದರಿಸುತ್ತ.

ಮೊದಲ ಬೀಸಿಗೆ ಗಾಳ ಹಿಡಿದದ್ದು ನನ್ನದೇ ಕಾಲರು.
ಎರಡನೆಯದಕ್ಕೆ ಲಂಟಾನದ ಕಂಟಿ.
ಮೂರನೆಯದಕ್ಕೆ ಇನಾಸನ ಟೋಪಿ,
ಅದು ಸ್ವಲ್ಪ ದೂರ ಚೆನ್ನಾಗಿಯೇ ಹಾರಿತು.
ದಂಡೆಯ ಹುಡುಗರು ಎರೆಹುಳದ ಕರಟ ತೋರಿಸಿ,
"ಒಂದು ಕೊಡ್ಲಾ ಮಾವ?" ಎಂದರು.
ಅವರ ಬಕೆಟ್ಟಿನಲ್ಲಿ ಆಗಲೇ ಬಾಲ ಬಡಿವ ಸದ್ದು.

"ಹಿಂದೆ ಹೋದದ್ದು ನೆಟ್ಟಗಾಗ್ಲಿ ಮಾರಾಯ,
ಆಮೇಲೆ ಮುಂದೆ ಕಳ್ಸು."
ಎಷ್ಟು ಹೊತ್ತು?
"ಯೇಸುವೇ ಅನ್ನುವಷ್ಟು."
ನಾನು ವಿಠಲ ಅಂದು ನೋಡಿದೆ, ಗಿಡ್ಡವಾಯಿತು.
ಪಾಂಡುರಂಗ ಅಂದೆ, ದಾರ ಬೆನ್ನಹಿಂದೆ ಬಿದ್ದೇ ಹೋಯಿತು.
ಕೊನೆಗೆ ಸಿಕ್ಕಿದ್ದು ಅಂಗಡಿಯ ಲೆಕ್ಕ:
ಕಾಲರಿನ ಮೂಲೆಯಲ್ಲಿ ಸೂಜಿ ಕುತ್ತಿ ನಿಂತಿರುವಾಗ
ಮಿಷಿನ್ನಿನ ಪಾದ ಎತ್ತಿ, ಬಟ್ಟೆ ತಿರುಗಿಸಿ, ಪಾದ ಇಳಿಸುವಷ್ಟು.
ದಿನಕ್ಕೆ ಎಂಬತ್ತು ಸಲ ಕಾಯುತ್ತಿದ್ದೆ,
ಅದು ಕಾಯುವುದೆಂದು ಗೊತ್ತಿರಲಿಲ್ಲ.

ದಾರ ಹಿಂದೆ ಮಲಗಿತು. ಎದ್ದಿತು.
ನೀರಿನ ಮೇಲೆ ಟಾಕು ಹಾಕಿದ ಹಾಗೆ
ಹುಳ ಇಳಿಯಿತು.

ಹುಳ ಕಟ್ಟುವುದು ಮಾತ್ರ ನಾನೇ ಅವನಿಗೆ ಕಲಿಸಿದ್ದು.
ಜಬ್ಬಾರನ ಕೋಳಿಯಂಗಡಿಯಿಂದ ಹುಂಜದ ಕತ್ತಿನ ಪುಕ್ಕ,
ಮಿಷಿನ್ನಿನ ಪಾದದಡಿ ಗಾಳದ ಹಿಡಿ,
ಗುಂಡಿ ಹೊಲಿವ ಗಂಟು.
ಸಬ್‌ರಿಜಿಸ್ಟ್ರಾರರ ಮಗಳ ಮದುವೆಯ ರವಿಕೆಯ ಕುಂಕುಮ ದಾರಕ್ಕೆ
ಪಕ್ಕೆ ಮೀನುಗಳು ಬಂದು ಮೂಸಿ ಹೋದವು.
ಠಾಣೆಯ ಪ್ಯಾಂಟಿನ ಖಾಕಿಗೆ
ಒಂದಾದರೂ ಮೂತಿ ಎತ್ತಬೇಕಲ್ಲ, ಊಹೂಂ.
ಶಾಲೆಯ ಹಸಿರಿಗೆ ಮಾತ್ರ, ಅದೇ ಸಂಜೆ,
ಬೊಡ್ಡೆಯ ನೆರಳೇ ಬಾಯಿ ತೆರೆದಂತೆ

ಚುಪ್ಪ್.

ಅಂಗೈಯಗಲದ ಮೀನು.
ಆದರೆ ಅಡ್ಡ ತಿರುಗಿ, ಮೈಯಿಡೀ ನೀರಿಗೆ ಒಡ್ಡಿ,
ಸುತ್ತು ಸುತ್ತು ಎಳೆಯಿತು ನೋಡಿ,
ಮೊಣಕೈವರೆಗೆ ಜುಮ್ಮೆಂದಿತು.
ಹುಡುಗರು ಬಕೆಟ್ಟು ಬಿಟ್ಟು ಓಡಿಬಂದರು.
ನಾನು ನಗುತ್ತಿದ್ದೆನಂತೆ, ಇನಾಸ ಆಮೇಲೆ ಹೇಳಿದ,
ಹಲ್ಲಿಲ್ಲದ ಕಡೆಯೂ ಕಾಣುವಂತೆ.

ಮನೆಯಲ್ಲಿ ರುಕ್ಮಾಬಾಯಿ ಅದನ್ನು ತಿರುಗಿಸಿ ನೋಡಿ
"ಇದಕ್ಕೆ ಮಸಾಲೆ ಅರೆದರೆ ಕಲ್ಲಿಗೇ ಅರ್ಧ" ಎಂದಳು.
ಅರೆದಳು ಅನ್ನಿ.
ಮುಂದಿನ ವಾರದ ಮೂರನ್ನು ನೀರಿಗೇ ಬಿಟ್ಟೆ,
ಬಿಡುವಾಗ ಬೆರಳಿಗೆ ಬೆನ್ನಿನ ಮುಳ್ಳು ಚುಚ್ಚಿತು,
ಸೂಜಿಗಿಂತ ಮೊಂಡು.

ಹೆಡ್‌ಮೇಷ್ಟರು ನಿನ್ನೆ ಬಂದು ಬಟ್ಟೆ ಎಣಿಸಿಕೊಂಡು ಹೋದರು.
ಲೆಕ್ಕ ಸರಿಯಿದೆ.
ಹಸಿರು ರೀಲು ಮಾತ್ರ ಈ ವರ್ಷ ಬೇಗ ಮುಗಿಯಿತು.
ಎರಡು ಚಡ್ಡಿಗೆ ನೀಲಿ ಹಾಕಿದ್ದೇನೆ, ಒಳಹೊಲಿಗೆಗೆ.
ಹುಡುಗರು ಮರ ಹತ್ತಿ ಹರಿದುಕೊಂಡರಷ್ಟೇ
ಕಾಣುತ್ತದೆ.