ನೀವು

ಕಾಕ್ಸ್ ಟೌನಿನ ಮೂರನೇ ಮಹಡಿ, ಬಚ್ಚಲಲ್ಲಿ
ಕಾಲು ಚಾಚಿ ಕೂತಿದ್ದೀನಿ,
ಮೊಣಕಾಲಿಂದ ಹಿಮ್ಮಡಿವರೆಗೂ ಮಗು.
ಇದೇ ಕಸುಬು ನಲವತ್ತು ವರ್ಷ.
ಲಿಂಗರಾಜಪುರದಿಂದ ಹಲಸೂರಿನ ತನಕ
ನಾನು ತಿದ್ದಿ ತೀಡದ ಮೂಗು ಕಮ್ಮಿ.

"ಹೆಸರೇನವ್ವ?" ಅಂದೆ ಮೊದಲ ದಿನ.
ಐರ್ಲೆಂಡಿನ ತಾಯಿ, ನಿದ್ದೆಗಣ್ಣಿನ ಓರ್ಲಾ,
"ನೀವ್" ಅಂದಳು.
"ನಾನು ಮುನಿತಾಯಮ್ಮ. ಮಗೂದು ಕೇಳಿದ್ದು."
"ನೀವ್."
ಬಾಗಿಲಲ್ಲಿ ನಿಂತ ಗಂಡ ನಕ್ಕಿದ್ದೇ ನಕ್ಕಿದ್ದು.

ಲಸಿಕೆ ಚೀಟಿ ತೋರಿಸಿದ: ಐದು ಇಂಗ್ಲಿಷ್ ಅಕ್ಷರ,
ಕೊನೇದು ಎಮ್ಮು, ಎಚ್ಚು. ಎರಡೂ ಸೇರಿದರೆ
ಅವಳ ಊರಲ್ಲಿ ವ ಆಗ್ತದಂತೆ.
ಆಸ್ಪತ್ರೆಯಲ್ಲಿ ನರ್ಸು "ನಿಯಾಮ್" ಅಂತ ಕೂಗಿ ಕೂಗಿ
ಯಾರೂ ಏಳಲಿಲ್ಲವಂತೆ.
ಹೆಬ್ಬೆಟ್ಟು ಒತ್ತೋಳಿಗೆ ಅದೆಲ್ಲ ಯಾಕೆ?
ಕಿವಿಗೆ ಬಿದ್ದಿದ್ದೇ ಹೆಸರು.

ಅವತ್ತಿಂದ ಈ ಬೆರಳುದ್ದ ಪಾದದವಳಿಗೆ ಬಹುವಚನ:
ನೀವು ಉಚ್ಚೆ ಹೊಯ್ದಿರಾ,
ನೀವು ಬಲೇ ಜೋರು ಕಣ್ರೀ.
ಅತ್ತೆಗೂ ಇಷ್ಟು ಮರ್ಯಾದೆ ಕೊಟ್ಟವಳಲ್ಲ ನಾನು.
ನನ್ನ ಕೈಗಂತೂ ಇದು ಹಳೇ ಮಾತು:
ಬೆನ್ನು ನೀವು, ಹೊಟ್ಟೆ ನೀವು,
ಮೆಲ್ಲಗೆ, ಮೆಲ್ಲಗೆ ನೀವು
ಅಂತಲೇ ಅವ್ವ ಕಲಿಸಿದ್ದು.

"ಹೊಳಪು ಅಂತ ಅರ್ಥ" ಅಂದಳು ಒಂದು ದಿನ ಓರ್ಲಾ,
ಹರಳೆಣ್ಣೆ ಹಚ್ಚಿದ ಹಣೆ ನೋಡುತ್ತಾ.
ಸಾಂಬ್ರಾಣಿ ಹೊಗೆಯಲ್ಲಿ ಕತೆ ಕೇಳಿದೆ.
ಹೊನ್ನಗೂದಲ ಹೆಣ್ಣು, ಕಡಲ ಮೇಲೆ ಓಡೋ ಬಿಳೀ ಕುದುರೆ,
ಮುಪ್ಪೇ ಇಲ್ಲದ ನಾಡು.
ಮೆಚ್ಚಿದವನನ್ನ ಕೂರಿಸಿಕೊಂಡು ಹೋದಳು.
ಅವನಿಗೆ ಮೂರು ವರ್ಷ ಅನ್ನಿಸಿದ್ದು ಇಲ್ಲಿ ಮುನ್ನೂರು.
ಊರು ನೋಡಬೇಕು ಅಂತ ಹಟ ಹಿಡಿದಾಗ
ಕುದುರೆ ಕೊಟ್ಟಳು, ಒಂದೇ ಮಾತು ಹೇಳಿದಳು:
ನೆಲಕ್ಕೆ ಕಾಲು ತಾಗಿಸಬೇಡ.
ಜೀನಿನ ಪಟ್ಟಿ ಕಿತ್ತು ಬಿದ್ದ.
ಎದ್ದವನು ಕಣ್ಣು ಕಾಣದ ಮುದುಕ.

"ಆಮೇಲೆ ಆ ಹುಡುಗಿ?"
ಅದನ್ನ ಅವಳ ಅಜ್ಜಿ ಹೇಳಿರಲಿಲ್ಲ.

ರಾತ್ರಿಯೆಲ್ಲ ನಂಗೆ ಅದೇ. ಮುದುಕನದ್ದಲ್ಲ,
ಕಳಿಸಿಕೊಟ್ಟವಳದ್ದು.
ಬಾಗಿಲಲ್ಲಿ ನಿಂತೇ ಇರ್ತಾಳಲ್ಲ,
ವಯಸ್ಸೂ ಆಗದೆ.

ಈಗ ಹತ್ತು ತಿಂಗಳು. ನಿನ್ನೆ
ಟವೆಲಿನಿಂದ ಜಾರಿ, ಬಕೆಟ್ಟಿನ ಅಂಚು ಹಿಡಿದು
ಒದ್ದೆ ನೆಲದ ಮೇಲೆ ತಾನೇ ನಿಂತಿತು.
ಎದೆ ಧಸಕ್ಕಂತು. ಕೂದಲು ನೋಡಿದೆ.
ಕೆಂಚಗೆ, ಹಾಗೇ ಇತ್ತು.

ನಿಂತ ಮಗುವಿಗೆ ನನ್ನ ಕಾಲು ಬೇಡ,
ಗೊತ್ತಿರೋದೇ. ಇನ್ನು ಪ್ಲಾಸ್ಟಿಕ್ ಟಬ್ಬು.
ಮುನ್ನೂರು ವರ್ಷ ಆಗಿದ್ದು ನನ್ನ ಮೊಣಕಾಲಿಗೆ,
ಏಳೋಕೆ ನಲ್ಲಿ ಹಿಡೀಬೇಕು.

ಹಿಡಿದೆ. ಅದು ನನ್ನ ಸೀರೆ ಹಿಡೀತು.
ಇಬ್ಬರೂ ತೂರಾಡುತ್ತಾ ನಿಂತಿರುವಾಗ
"ಬಿದ್ದೀರಿ ಜೋಕೆ, ನೀವು" ಅಂದೆ,
ಯಾರಿಗೆ ಅಂದೆನೋ.