ನಲವತ್ತು ಸೀಟಿಗಳ ಲೆಕ್ಕ

ದಾರ್ ಎಸ್ ಸಲಾಮಿನಲ್ಲಿ, ಮ್ಸಿಂಬಾಜಿ ಹೊಳೆಯ ಬಗಲಿಗೆ
ನಮ್ಮ ಕೇರಿ. ನಾನು ಜುಹುರಾ, ಮಂದಾಜಿ ಕರಿಯುವವಳು.
ಕೂಡಿಸುವುದು ಕಳೆಯುವುದು ಬರುತ್ತದೆಂಬ ಒಂದೇ ತಪ್ಪಿಗೆ
ಸಂಘದ ಲೆಕ್ಕದ ಪುಸ್ತಕ ನನ್ನ ತಲೆಗೆ ಕಟ್ಟಿದರು.

ಹನಿಗೂಡಿದರೆ ಹಳ್ಳ. ಹೌದು, ನೋಡಿದ್ದೇವೆ.
ಹಿಂದಿನ ಏಪ್ರಿಲಿನಲ್ಲಿ ಹನಿಗೂಡಿದ್ದು
ನನ್ನ ಒಲೆ ದಾಟಿ, ಹಿಟ್ಟಿನ ಡಬ್ಬಿ ದಾಟಿ,
ಗೋಡೆಯ ಕ್ಯಾಲೆಂಡರಿನಲ್ಲಿ
ಹದಿನೇಳನೇ ತಾರೀಖಿನವರೆಗೆ ಏರಿತ್ತು.
ಅದರ ಕೆಳಗಿನ ದಿನಗಳೆಲ್ಲ ಕೆಸರು.

ಆಮೇಲೆ ಹಣ ಬಂತು. ಹಣಕ್ಕೂ ಮೊದಲು ಫಾರಂ ಬಂತು.
ಹದಿನಾಲ್ಕು ಪುಟ. ಮೊದಲ ಪ್ರಶ್ನೆಯೇ
“ನಿಮ್ಮ ದುರ್ಬಲತೆಯನ್ನು ವಿವರಿಸಿ.”
ಯಾರ ಮುಂದೆ? ಎಂದ ಶೋಮಾರಿ.
ವಿವರಿಸಲಿಲ್ಲ. ಮನೆಮನೆಗೂ ಹೋಗಿ
ನೀರು ನಿಂತ ಗುರುತಿಗೆ ಸೀಮೆಸುಣ್ಣದ ಗೆರೆ ಎಳೆದೆವು,
ಅದರ ಪಕ್ಕಕ್ಕೇ ಮಕ್ಕಳನ್ನು ನಿಲ್ಲಿಸಿ ಅಳೆದೆವು.
ಇಪ್ಪತ್ತಾರು ಮಕ್ಕಳು ಗೆರೆಯ ಕೆಳಗೆ.
ಅಷ್ಟೇ ಬರೆದೆ. ಪುಟದಲ್ಲಿ ಜಾಗ ಉಳಿಯಿತು.

ಹನ್ನೊಂದು ಗುರುವಾರ, ಟೈರ್ ಅಂಗಡಿಯ ಹಿಂದೆ ಸಭೆ.
ಹೆಂಗಸರು ಬರಬೇಕಾದರೆ ಕೂಸು ಹಿಡಿಯುವವರು ಬೇಕು,
ಗಂಡಸರು ಕೂರಬೇಕಾದರೆ ಚಹಾ ಬೇಕು.
ಕಚೇರಿಯ ಹುಡುಗ ಗಾಡ್‌ಲವ್, ಒಳ್ಳೆಯವನೇ,
“ಚಹಾಕ್ಕೆ ಕಾಲಮ್ಮಿಲ್ಲ ಮಾಮಾ” ಎಂದ,
“ತಜ್ಞರ ಶುಲ್ಕಕ್ಕೆ ಇದೆ.”
ಸರಿ. ಆ ಶುಲ್ಕದ ಎದುರಿಗೇ
ಚಹಾ ಕಾಯಿಸುವ ಬೀ ನಾಸ್ರಾಳ ಹೆಸರು ಬರೆದೆ.
ಯಾವ ಮೋರಿಗೆ ಯಾರು ಏನು ಎಸೆಯುತ್ತಾರೆಂದು
ಅವಳಿಗಿಂತ ಬಲ್ಲವರುಂಟೇ?
ಅವನು ಓದಿದ, ನಕ್ಕ,
ಸಹಿ ಹಾಕಲು ಎರಡು ವಾರ ತೆಗೆದುಕೊಂಡ.

ಜಗಳವೂ ಆಯಿತು, ಮುಚ್ಚಿಡುವುದೇಕೆ.
ಮೇಲಿನ ಸಾಲಿನವರಿಗೆ ತಡೆಗೋಡೆ ಬೇಕಿತ್ತು;
ಗೋಡೆಗೆ ಹಾಯ್ದ ನೀರು ಯಾರ ಮನೆಗೆ ತಿರುಗುತ್ತದೆಂದು
ಕೆಳಗಿನ ಸಾಲಿನವರಿಗೆ ಗೊತ್ತಿತ್ತು.
ಒಬ್ಬ ಕುರ್ಚಿ ಎತ್ತಿದ. ಬಾಡಿಗೆ ಕುರ್ಚಿ.
ಕಾಲು ಮುರಿದದ್ದಕ್ಕೆ ನಾಲ್ಕು ಸಾವಿರ ಶಿಲಿಂಗ್, ಪುಟ ಒಂಬತ್ತು.
ಕೊನೆಗೆ ಗೋಡೆ ಬಿದ್ದುಹೋಯಿತು, ಕಟ್ಟುವ ಮೊದಲೇ.
ಮೋರಿ ಅಗಲಿಸುವುದು, ದಿಬ್ಬದ ಶಾಲೆಯ ದಾರಿಗೆ ದೀಪ,
ನಲವತ್ತು ಸೀಟಿ.

ಸೀಟಿ ಎಂದದ್ದೇ, ಮೂಲೆಯಲ್ಲಿ ಕೂಸು ಆಡಿಸುತ್ತಿದ್ದ ತಾಬು
“ಕಿಬ್ವಾನಾ ಅಜ್ಜನಿಗೆ ಕಿವಿ ಕೇಳುವುದಿಲ್ಲವಲ್ಲ” ಎಂದಳು.
ಹನ್ನೊಂದು ವಾರ ಕೂತಿದ್ದೆವು. ಒಬ್ಬರಿಗೂ ಹೊಳೆದಿರಲಿಲ್ಲ.
ಅಜ್ಜನ ಕಣಕಾಲಿನಿಂದ ತಾಬುವಿನ ಕಿಟಕಿಗೆ ಹಗ್ಗ,
ಎಂಟು ಮೀಟರು, ಸಾವಿರದ ಇನ್ನೂರು.
ಕಾಲಮ್ಮು ಕೇಳಲು ಹೋಗಲಿಲ್ಲ,
ಸೆರಗಿನ ಗಂಟು ಬಿಚ್ಚಿದೆ.

ಈ ಸಲದ ಮಳೆ ರಾತ್ರಿ ಎರಡಕ್ಕೆ ಬಂತು.
ಮೋರಿ ಅರ್ಧವೇ ಆಗಿತ್ತು; ಎರಡನೇ ಕಂತು
ಯಾರದೋ ಮೇಜಿನ ಮೇಲೆ ಬೆಚ್ಚಗೆ, ಒಣಗಿ ಕೂತಿತ್ತು.
ನನ್ನ ಒಲೆ ಮತ್ತೆ ಹೋಯಿತು.
ಆರು ಸೀಟಿ ಊದಲಿಲ್ಲ, ಅಗ್ಗದ ಮಾಲು.
ಮೂವತ್ತನಾಲ್ಕು ಊದಿದವು,
ಕತ್ತಲಿಗೆ ಮೂವತ್ತನಾಲ್ಕು ಕಡೆಯಿಂದ
ಒಮ್ಮೆಲೇ ಉಸಿರು ಬಂದ ಹಾಗೆ.
ತಾಬು ಹಗ್ಗ ಜಗ್ಗಿದಳು. ಅಜ್ಜ ಬೈಯುತ್ತ ಎದ್ದರು,
ಬೈಯುತ್ತಲೇ ಶೋಮಾರಿಯ ಬೆನ್ನೇರಿದರು,
ಕತ್ತರಿಸಿದ ಹಗ್ಗದ ತುಂಡು ಕಾಲಲ್ಲಿ ತೂಗುತ್ತಿತ್ತು.

ಶಾಲೆಯ ಜಗಲಿಯಲ್ಲಿ ಮಕ್ಕಳನ್ನು ಎಣಿಸಿದೆ.
ಇಪ್ಪತ್ತೇಳು.
ಮತ್ತೆ ಎಣಿಸಿದೆ. ಇಪ್ಪತ್ತೇಳೇ.
ಒಂದು, ಫಾರಂ ಕಳಿಸಿದ ಮೇಲೆ ಹುಟ್ಟಿದ್ದು.

ಈಗ ವರದಿ ಕೊಡಬೇಕು. ಪುಸ್ತಕ
ತಂತಿಯ ಮೇಲೆ ಖಾಂಗಾಗಳ ನಡುವೆ ಒಣಗುತ್ತಿದೆ.
“ಸಾಧಿಸಿದ ಫಲಿತಾಂಶ” ಎಂಬಲ್ಲಿ ಬರೆದಿದ್ದೇನೆ:
ಉಳಿಕೆ ಎರಡು ಸಾವಿರದ ಮುನ್ನೂರು.
ಕೆಟ್ಟ ಸೀಟಿ ಆರು, ಅಂಗಡಿಗೆ ವಾಪಸು.
ಹಗ್ಗ ಒಂದು ಮೊಳ ಗಿಡ್ಡವಾಗಿದೆ, ಹೊಸದು ಬೇಕು.
ಚಹಾ, ಎಂದಿನಂತೆ.