ನಾಲ್ಕು ಗ್ರಾಮ್

ಆಚಾರಿ ಮೌನೇಶ ಚಿನ್ನ ತೂಗುವ ತಕ್ಕಡಿಯಲ್ಲಿ
ನನ್ನ ಹುಸಿಮೀನನ್ನು ಇಟ್ಟು, ಉಸಿರು ಹಿಡಿದು ನೋಡಿದ.
ನಾಲ್ಕು ಗ್ರಾಮ್. ತೊಲೆಯಲ್ಲಿ ಮೂರನೇ ಒಂದು ಪಾಲು.
"ಇಷ್ಟರಾಗ ನಾಕು ಮೂಗುಬಟ್ಟು ಮಾಡ್ತೀನಿ," ಅಂದ,
"ನೀ ಒಂದ ಮೀನಾ ಹಿಡದು ತೋರ್ಸು, ಮಿಸ್ತ್ರಿ."

ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ಸುಟ್ಟ ಮೋಟಾರೆಲ್ಲ
ನನ್ನ ಅಂಗಡಿಗೇ ಬರುತ್ತವೆ.
ಹೊಟ್ಟೆ ಬಗೆದು, ಕರಕಲು ತಾಮ್ರ ಕಿತ್ತು, ಹೊಸದು ಸುತ್ತುತ್ತೇನೆ.
ಹತ್ತೊಂಬತ್ತು ವರ್ಷ. ಎಣಿಕೆಯೆಲ್ಲ ಹೆಬ್ಬೆರಳಿಗೆ ಬಿಟ್ಟದ್ದು:
ಎಪ್ಪತ್ತೆರಡು ಸುತ್ತು ಎಂದರೆ
ಎಪ್ಪತ್ತೆರಡಕ್ಕೆ ತಾನೇ ನಿಲ್ಲುತ್ತದೆ,
ನಾನು ಆಗ ಚಹಾದವನ ಜೊತೆ ಜಗಳಾಡುತ್ತಿದ್ದರೂ.

ಅದಕ್ಕೇ ಬೇಟ್‌ಕಾಸ್ಟರ್ ಕೊಂಡೆ.
ಹುಬ್ಬಳ್ಳಿಯಿಂದ ಪಾರ್ಸೆಲ್, ಅರ್ಧ ತಿಂಗಳ ದುಡಿಮೆ,
ಮುಷ್ಟಿಯೊಳಗೆ ಪಾರಿವಾಳದ ಹಾಗೆ ಕೂತಿತು.
ಅದರಲ್ಲಿ ಉಂಡೆಯೇ ತಿರುಗುತ್ತದೆ, ದಾರ ನೆಟ್ಟಗೆ ಓಡುತ್ತದೆ,
ಓಟವನ್ನು ಹೆಬ್ಬೆರಳು ಸವರಿ ಸವರಿ ತಡೆಯಬೇಕು.
ತಿರುಗಿಸುವುದು, ತಡೆಯುವುದು. ನನ್ನ ಕಸುಬೇ ಅಲ್ಲವೆ?
ರಾಡಿನ ಕೆಳಗೆ ಜೋತುಬಿದ್ದ ಆ ಸ್ಪಿನ್ನಿಂಗ್ ರೀಲು
ಹಮೀದನಿಗೇ ಇರಲಿ ಎಂದೆ.

ಸಾಣಾಪುರದ ಕೆರೆ. ಬಂಡೆಗಳಿಗೆ ಇನ್ನೂ ರಾತ್ರಿಯ ಬಿಸಿ.
ಜೊಂಡಿನ ಅಂಚಿಗೆ ಕೊರವವೊಂದು ಮೇಲೆ ಬಂದು
ಬುಳಕ್ ಎಂದು ಗಾಳಿ ಕುಡಿದು ಇಳಿಯಿತು.
ಬೀಸಿದೆ.

ಇಷ್ಟೇ ಇಷ್ಟು ತೂಕ
ಇಡೀ ಉಂಡೆಯನ್ನು ನಿದ್ದೆಯಿಂದ ಎಬ್ಬಿಸಬೇಕು.
ಎದ್ದಿತು, ತಡವಾಗಿ. ಎದ್ದದ್ದೇ ಹುಚ್ಚು ಹತ್ತಿತು.
ಎದುರುಗಾಳಿಗೆ ಹುಸಿಮೀನು ಅರ್ಧ ದಾರಿಯಲ್ಲೇ ಬಿತ್ತು,
ಉಂಡೆಗೆ ಆ ಸುದ್ದಿ ಮುಟ್ಟಲೇ ಇಲ್ಲ,
ತಿರುಗಿತು, ತಿರುಗಿತು, ತಿರುಗಿ
ಅಂಗೈಯಲ್ಲಿ ಒಂದು ಗೀಜಗನ ಗೂಡು.

ಮತ್ತೆ ಹೆಬ್ಬೆರಳು?
ವಾರ್ನಿಷು, ಬೆಸುಗೆಯ ಬಿಸಿ ತಿಂದ ತೊಗಲು.
ತಾಮ್ರ ತಿಳಿಯುತ್ತದೆ ಅದಕ್ಕೆ.
ಕೂದಲಷ್ಟು ತೆಳ್ಳಗಿನ ದಾರ ತಿಳಿಯದು.
ಹಮೀದ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು.

ಆಚೆ ಬಂಡೆಯ ಮೇಲೆ ಅಂಬಿಗರ ಹುಸೇನಪ್ಪ,
ಮಗುಚಿಟ್ಟ ಹರಗೋಲಿಗೆ ಬೆನ್ನು ಕೊಟ್ಟು.
ಬ್ರಾಂದಿ ಬಾಟ್ಲಿಯ ಹೊಟ್ಟೆಗೆ ಸುತ್ತಿದ ದಾರ,
ತುದಿಗೆ ಎರೆಹುಳ, ಜೋಳದ ಕಾಳಿನಷ್ಟು ಸೀಸ.
ಬಾಟ್ಲಿಯ ಬಾಯಿ ನೀರಿಗೆ ತೋರಿಸಿ ಎಸೆದ.
ಬಾಟ್ಲಿ ಕದಲಲಿಲ್ಲ.
ದಾರ ಅದರ ಹೆಗಲಿಂದ ಜಾರಿ, ಸುರುಳಿ ಸುರುಳಿ ಬಿಚ್ಚುತ್ತ
ಯಾರ ಅಪ್ಪಣೆಯನ್ನೂ ಕೇಳದೆ ಹೋಯಿತು.
"ಹಗರ ಇದ್ದದ್ದಕ್ಕ ಗಾಡಿ ಕಟ್ಟಬಾರ್ದು, ಮಿಸ್ತ್ರಿ.
ಬಿಟ್ರ ತಾನ ಹೊಕ್ಕೈತಿ."

ಹಮೀದನ ರೀಲು ನೋಡಿದೆ. ಅದೇ ಬಾಟ್ಲಿ.
ಹಿಡಿಕೆ ಹಚ್ಚಿ, ಕಮಾನು ಹಚ್ಚಿ, ಬೆಳ್ಳಿ ಬಣ್ಣ ಬಳಿದದ್ದು ಅಷ್ಟೆ.
ಕೇಳಿ ಇಸಕೊಂಡೆ. ಕಮಾನು ಎತ್ತಿ, ದಾರ ಬೆರಳಿಗೆ ಸಿಕ್ಕಿಸಿ,
ಬೀಸಿ, ಬೆರಳು ಬಿಟ್ಟೆ.
ನಾಲ್ಕು ಗ್ರಾಮ್ ಜೊಂಡಿನ ಬುಡಕ್ಕೇ ಹೋಗಿ ಕೂತಿತು,
ಮದುವೆಮನೆಯಲ್ಲಿ ತಡವಾಗಿ ಬಂದವರು ಕೂರುವಂತೆ, ಸದ್ದಿಲ್ಲದೆ.

ಕೊರವ ಬರಲಿಲ್ಲ, ಅದು ಬೇರೆ ಮಾತು.
ಮಧ್ಯಾಹ್ನದ ಹೊತ್ತಿಗೆ ಆ ದಾರಕ್ಕೂ ಮುರಿ ಬಿದ್ದು
ಹೆರಳಿನ ಹಾಗೆ ಹೆಣೆದುಕೊಂಡಿತ್ತು.
ಹಮೀದ ಬೈದ. ನನಗೆ ಸಮಾಧಾನವಾಯಿತು.

ಸಣ್ಣದಕ್ಕೆ ಸುಮ್ಮನಿರುವ ಉಂಡೆ. ತಕರಾರಿಲ್ಲ, ಒಪ್ಪಿದೆ.
ಬೇಟ್‌ಕಾಸ್ಟರಿಗೆ ತೊಲೆ ಮೀರಿದ ರಬ್ಬರ್ ಕಪ್ಪೆ ತರಿಸಬೇಕು.

ಒಪ್ಪಿದವನು ರಾತ್ರಿ ಅಂಗಡಿಯ ಬಲ್ಬಿನ ಕೆಳಗೆ
ಝೀರೋ ನಂಬರ್ ಉಜ್ಜುಕಾಗದದಿಂದ
ಹೆಬ್ಬೆರಳನ್ನು ಮೆಲ್ಲಗೆ ಉಜ್ಜುತ್ತಿದ್ದೇನೆ.
ಮಗಳು ಪಂಪಾ ತನ್ನ ತಲೆಯ ಒಂದು ಕೂದಲು ಕಿತ್ತು,
ಕಣ್ಣು ಮುಚ್ಚು ಅಂದು, ಬೆರಳ ಮೇಲೆ ಎಳೆಯುತ್ತಾಳೆ.
ಈಗ?
ಇಲ್ಲ.
ಈಗ?